ಹತ್ತನೆಯ ಕಾಲು

ವೇದಗಂಗೆ ಆ ಸಲ ಹೇಳಿ ಕೇಳಿ ಬರಲಿಲ್ಲ. 2019ರ ಆಗಸ್ಟ್ ತಿಂಗಳು. ಸಂಜೆ ಹೊಲದ ಆಚೆಗಿದ್ದ ನೀರು ಬೆಳಗಾಗುವಷ್ಟರಲ್ಲಿ ಕಬ್ಬಿನ ಸುಳಿ ಮುಟ್ಟಿತ್ತು. ನಿಪ್ಪಾಣಿ ಕಡೆಯ ದಾರಿ ಮುಳುಗಿತು, ಕೊಲ್ಹಾಪುರದ ಹತ್ತಿರ ಹೆದ್ದಾರಿಯೇ ಬಂದಾಯಿತು, ಕರೆಂಟು ಹೋಯಿತು. ಮುರಗೂಡದಲ್ಲಿ ನಾವು ಹೀಗೆ ಸಿಕ್ಕಿಬಿದ್ದ ಎರಡನೆಯ ರಾತ್ರಿ, ಅಣ್ಣನ ಮಗ ಬ್ಯಾಟರಿ ಹಿಡಿದುಕೊಂಡು ಅಟ್ಟದ ಮೂಲೆಯಲ್ಲಿದ್ದ ಜೇಡದ ಕಾಲು ಎಣಿಸುತ್ತಿದ್ದ.

"ಕಾಕಾ, ಏಳಽ ಅದಾವ."

"ಜೇಡಕ್ಕ ಎಂಟ ಇರ್ತಾವ. ಸರಿಯಾಗಿ ಎಣಸು."

"ಎರಡ ಸಲ ಎಣಸೇನ್ರಿ. ಏಳಽ."

ನಾನು ತಲೆ ಎತ್ತಲೂ ಇಲ್ಲ. ಜೇಡಕ್ಕೆ ಎಂಟು ಕಾಲು ಎಂಬುದು ಎದ್ದು ಹೋಗಿ ನೋಡಬೇಕಾದ ಸಂಗತಿಯೇ? ಕಡೆಗೆ ಅವ್ವ ಬೈದಳು: "ಹುಡುಗ ಕಣ್ಣಾರೆ ನೋಡಿ ಹೇಳಾಕತ್ತಾನ, ನೀ ಕುಂತಲ್ಲೇ ಇಲ್ಲಂತಿ. ಏಳು, ನೋಡು ಹೋಗು." ಎದ್ದು ನೋಡಿದೆ. ಏಳೇ ಇದ್ದವು. ಎಲ್ಲೋ ಒಂದು ಕಾಲು ಕಳೆದುಕೊಂಡು ಬಂದಿತ್ತು ಬಡಪಾಯಿ.

ಆ ತಪ್ಪಿಗೆ ದಂಡವಾಗಿ ಅವನಿಗೊಂದು ಕತೆ ಹೇಳಬೇಕಾಯಿತು. ಕುಂತಲ್ಲೇ ಇಲ್ಲವೆಂದ ದೊಡ್ಡ ದೊಡ್ಡವರ ಕತೆ.

ಮುರಗೂಡದಲ್ಲಿ ಆ ಕತೆಯ ಪ್ರಾಣಿಯ ಹೆಸರು ಹೇಳುವುದೇ ಒಂದು ಪೇಚಾಟ. ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮರಾಠಿಯಲ್ಲಿ ಜೇಡಕ್ಕೆ 'ಕೋಳಿ' ಅನ್ನುತ್ತಾರೆ. ಮೀನು ಹಿಡಿಯುವ ಜನಕ್ಕೂ ಅದೇ ಹೆಸರು. 'ಸಮುದ್ರಕೋಳಿ' ಅಂದರೆ ಪಕ್ಕದ ಮನೆಯವರಿಗೆ ಬಲೆ ನೇಯುವುದೋ ಬಲೆ ಬೀಸುವವನೋ ಎಂಬ ಗೊಂದಲ, ಅವ್ವನಿಗೆ ಮಾತ್ರ ತತ್ತಿ ಇಡುವ ಕೋಳಿ. ಕಡಲಜೇಡ ಎಂದುಬಿಡೋಣ. ಅದು ಬಲೆ ನೇಯುವುದಿಲ್ಲ. ನೆಲದ ಜೇಡಗಳಿಗೆ ದೂರದ ದಾಯಾದಿ, ಅಷ್ಟೇ. ತತ್ತಿಯ ಮಾತಂತೂ ಪೂರ್ತಿ ಸುಳ್ಳಲ್ಲ: ಹೆಣ್ಣು ಇಟ್ಟ ತತ್ತಿಗಳನ್ನು ಉಂಡೆ ಕಟ್ಟಿ, ಅದಕ್ಕೆಂದೇ ಇರುವ ಸಣ್ಣ ಕಾಲುಗಳಿಗೆ ಅಂಟಿಸಿಕೊಂಡು ತಿರುಗುವುದು ಗಂಡು.

ಮೈ ಎಂಬುದು ಅದಕ್ಕೆ ಹೆಸರಿಗೆ ಮಾತ್ರ. ಕಾಲುಗಳನ್ನು ಒಂದೆಡೆ ಸೇರಿಸಲು ಬೇಕಲ್ಲ ಎಂದು ಇಟ್ಟ ಒಂದು ಕಡ್ಡಿ. ಆ ಕಡ್ಡಿಯಲ್ಲಿ ಜಾಗ ಸಾಲದೆ ಕರುಳು ಕವಲೊಡೆದು ಕಾಲುಗಳೊಳಗೆ ಇಳಿದಿದೆ. ತತ್ತಿ ಬೆಳೆಯುವುದೂ ಕಾಲಿನಲ್ಲೇ. ಕಿವಿರಿಲ್ಲ, ಶ್ವಾಸಕೋಶವಿಲ್ಲ, ಕಾಲಿನ ತೊಗಲೇ ಉಸಿರಾಡುತ್ತದೆ. ಗುಂಡಿಗೆ ಬಲು ದುರ್ಬಲ. ಕಾಲೊಳಗಿನ ಕರುಳು ಹಿಂಡಿ ಹಿಂಡಿ ರಕ್ತವನ್ನು ಓಡಿಸುತ್ತದೆ ಎಂಬುದು 2017ರಲ್ಲಷ್ಟೇ ಖಚಿತವಾಗಿ ತಿಳಿಯಿತು. ಲೋಕದ ಕಡಲುಗಳಲ್ಲಿ 1300ಕ್ಕೂ ಹೆಚ್ಚು ಬಗೆಯ ಕಡಲಜೇಡಗಳಿವೆ. ಬಹಳಷ್ಟು ಉಗುರಿನ ಮೇಲೆ ಕೂರುವಷ್ಟು ಸಣ್ಣವು. ತಣ್ಣಗಿನ ಆಳದಲ್ಲಿ ಇರುವ ಕೆಲವು ಮಾತ್ರ ಕಾಲು ಚಾಚಿದರೆ 70 ಸೆಂಟಿಮೀಟರ್.

ಕಾಲು ಎಷ್ಟು? ಎಂಟು. ಎಲ್ಲರೂ ಎಂಟೆಂದೇ ಬಲ್ಲರು. ಒಬ್ಬನನ್ನು ಬಿಟ್ಟು.

ಅವನ ಹೆಸರು ಜೇಮ್ಸ್ ಏಟ್ಸ್. ಇಂಗ್ಲಿಷ್ ಬಲ್ಲವರು ನಗಬಹುದು, 'ಏಟ್ಸ್' ಅಂದರೆ ಎಂಟುಗಳು. 1798ರಲ್ಲಿ ಹುಟ್ಟಿದವನು, ಅಮೆರಿಕದ ಆಲ್ಬನಿ ಊರಿನವನು. ವೈದ್ಯ ಕಲಿತಿದ್ದ, ಚಿತ್ರ ಚೆನ್ನಾಗಿ ಬರೆಯುತ್ತಿದ್ದ, ಕಲ್ಲು ಹುಳು ಹುಪ್ಪಟೆ ಕಂಡರೆ ಊಟ ಮರೆಯುತ್ತಿದ್ದ. 1829ರ ಅಕ್ಟೋಬರಿನಲ್ಲಿ ಸೆರಾಫ್, ಅನಾವನ್, ಪೆಂಗ್ವಿನ್ ಎಂಬ ಮೂರು ಹಾಯಿಹಡಗುಗಳು ದಕ್ಷಿಣ ಧ್ರುವದ ಕಡೆ ಹೊರಟಾಗ ನಿಸರ್ಗ ಅಭ್ಯಾಸಿಯಾಗಿ ಇವನೂ ಹತ್ತಿದ. ಹೊಸ ನೆಲ ಹುಡುಕುವುದು ಬಾಯಲ್ಲಿದ್ದ ಮಾತು. ಒಳಗಿನ ಲೆಕ್ಕ ಬೇರೆ: ಸೀಲ್ ತೊಗಲು. ಹಡಗಿನವರಿಗೆ ಸಂಬಳವಿಲ್ಲ, ಬೇಟೆಯಲ್ಲಿ ಪಾಲು. ಸೀಲ್ ಸಿಕ್ಕರೆ ದುಡ್ಡು, ಸಿಗದಿದ್ದರೆ ಎರಡು ವರ್ಷದ ಜೀತ.

ಸಿಗಲಿಲ್ಲ. ದಕ್ಷಿಣ ಶೆಟ್ಲೆಂಡ್ ದ್ವೀಪಗಳು ಹಡಗಿನವರ ಕಣ್ಣಿಗೆ ಬಿದ್ದದ್ದು 1819ರಲ್ಲಿ. ಮುಂದಿನ ಎರಡು ಮೂರು ಬೇಸಿಗೆಗಳಲ್ಲೇ ಬೇಟೆಗಾರರು ಅಲ್ಲಿನ ತುಪ್ಪಳದ ಸೀಲುಗಳನ್ನು ಗುಡಿಸಿ ಹಾಕಿದ್ದರು. 1830ರ ಜನವರಿಯಲ್ಲಿ ಈ ಮೂರು ಹಡಗು ಮುಟ್ಟುವ ಹೊತ್ತಿಗೆ ಕೊಯ್ದು ಹೋದ ಹೊಲದಂತೆ ದಡ ಬರಿದಾಗಿತ್ತು. ಒಂದು ಮರವಿಲ್ಲ, ಪೊದೆಯಿಲ್ಲ. ಕರಿ ಬಂಡೆ, ಹಾವಸೆ, ಮಂಜು. ನಿಮಿಷದ ಹಿಂದೆ ಕಂಡ ದಡ ಈ ನಿಮಿಷ ಇಲ್ಲ. ಇಂಥಲ್ಲಿ ದೋಣಿ ಇಳಿಸಿ ದಡ ಹತ್ತುವುದೆಂದರೆ ತೆರೆ ಎತ್ತಿದಾಗ ಹಾರಬೇಕು. ಅರೆಗಳಿಗೆ ತಡವಾದರೆ ದೋಣಿ ಬಂಡೆಗೆ, ಕಾಲು ದೋಣಿಗೆ.

ಏಟ್ಸ್ ಹಾರುತ್ತಿದ್ದ. ಮಿಕ್ಕವರು ಸೀಲಿಗಾಗಿ ಕಣ್ಣು ಹಾಯಿಸಿದರೆ ಇವನು ಕಾಲ ಕೆಳಗೆ ನೋಡಿದ. ಬಂಡೆಯೊಳಗೆ ಹೂತು ಕಲ್ಲಾಗಿದ್ದ ಮರದ ತುಂಡು ಕಂಡಿತು. ಒಂದು ಹುಲ್ಲುಕಡ್ಡಿ ಸರಿಯಾಗಿ ಬೆಳೆಯದ ನೆಲದಲ್ಲಿ ಹಿಂದೊಮ್ಮೆ ಕಾಡಿತ್ತು ಎಂಬುದಕ್ಕೆ ಸಿಕ್ಕ ಮೊದಲ ಸಾಕ್ಷಿ ಅದು. ತೇಲುವ ಹಿಮಗುಡ್ಡಗಳಲ್ಲಿ ಕಲ್ಲುಬಂಡೆ ಸಿಕ್ಕಿಕೊಂಡು ಹೋಗುವುದನ್ನು ಕಂಡು ಬರೆದಿಟ್ಟ. ಮತ್ತೆ ಅದೇ ದಡದಲ್ಲಿ, ಉದ್ದ ಕಾಲಿನ ಆ ಕೆಂಪು ಪ್ರಾಣಿ.

ಹತ್ತು ಕಾಲು.

ಎಣಿಕೆ ತಪ್ಪಬಾರದ್ದೇನೂ ಅಲ್ಲ. ಕಡಲಜೇಡದ ಮುಂಭಾಗದಲ್ಲಿ ಚಿಮ್ಮಟದಂಥ ಒಂದು ಜೋಡಿ, ತಡಕಾಡುವ ಮೀಸೆಗಾಲಿನದು ಒಂದು ಜೋಡಿ, ತತ್ತಿ ಹೊರುವ ಕಾಲಿನದು ಇನ್ನೊಂದು ಜೋಡಿ ಇರುತ್ತವೆ. ಚಳಿಗೆ ಬೆರಳು ಮರಗಟ್ಟಿರುವಾಗ, ಒದ್ದೆ ಮುದ್ದೆಯಾಗಿ ಬಿದ್ದ ಜೀವದಲ್ಲಿ ಯಾವುದು ನಡೆಯುವ ಕಾಲು, ಯಾವುದಲ್ಲ ಎಂದು ಹೇಳುವುದು ಹೇಗೆ? ಬುಡದಿಂದ ಹೇಳಬೇಕು. ನಡೆಯುವ ಕಾಲು ಪ್ರತಿಯೊಂದೂ ಮೈಯ ಪಕ್ಕಕ್ಕೆ ಚಾಚಿದ ಗೂಟದಿಂದ ಹೊರಡುತ್ತದೆ. ಕಾಲಿಗೆ ಎಂಟು ಗೆಣ್ಣು, ತುದಿಗೊಂದು ಉಗುರು. ಏಟ್ಸ್ ಚಿತ್ರಕಾರ, ಗೂಟ ಬಿಡಿಸಿ ಗೆಣ್ಣು ಬಿಡಿಸಿಯೇ ಕಾಲಿಗೆ ಬರುವವನು. ಎಡಕ್ಕೆ ಐದು, ಬಲಕ್ಕೆ ಐದು.

ಅಷ್ಟರಲ್ಲಿ ಹಡಗಿನ ಗತಿ ಕೆಟ್ಟಿತ್ತು. ಹೊಸ ನೆಲ ಹುಡುಕಲು ಪಡುವಣಕ್ಕೆ ತಿರುಗಿದರೆ ಗಾಳಿ, ಹಿಮ, ಮತ್ತೆ ಗಾಳಿ. ತಾಜಾ ತರಕಾರಿಯಿಲ್ಲದೆ ಸ್ಕರ್ವಿ ಹಿಡಿದು ಒಸಡು ಒಡೆದವು. ಪಾಲಿಗೆ ಬಂದವರ ಕೈಗೆ ಪಾಲೆಂಬುದೇ ಇಲ್ಲ. ಹಡಗುಗಳು ಚಿಲಿಯ ದಡ ಹಿಡಿದವು. ಈ ಯಾತ್ರೆಗೆ ಊರೂರು ತಿರುಗಿ ಭಾಷಣ ಮಾಡಿ ಬೆಂಬಲ ಕೂಡಿಸಿದ್ದ ಜೆರೆಮಿಯಾ ರೆನಾಲ್ಡ್ಸ್ ಅಲ್ಲೇ ಉಳಿದುಬಿಟ್ಟ. ಆ ಕಡಲಿನಲ್ಲಿ ಕೇಳಿದ ಬಿಳಿ ತಿಮಿಂಗಿಲವೊಂದರ ಕತೆಯನ್ನು ಅವನು 1839ರಲ್ಲಿ 'ಮೋಕಾ ಡಿಕ್' ಎಂದು ಅಚ್ಚು ಹಾಕಿಸಿದ. ಮುಂದೆ ಮೆಲ್ವಿಲ್ ಬರೆದ 'ಮೋಬಿ ಡಿಕ್' ಕಾದಂಬರಿಯ ಹಿಂದೆ ಆ ಕತೆಯ ನೆರಳಿದೆ. ಒಂದೇ ಯಾತ್ರೆ, ಎರಡು ಪ್ರಾಣಿ. ದೊಡ್ಡದಕ್ಕೆ ಜಗತ್ತೆಲ್ಲ ಮರುಳಾಯಿತು. ಸಣ್ಣದಕ್ಕೆ ಯಾರೂ ತಿರುಗಿ ನೋಡಲಿಲ್ಲ. ನನಗಂತೂ ಸಣ್ಣದರ ಕತೆಯೇ ಹೆಚ್ಚು ಮೈ ನವಿರೇಳಿಸುತ್ತದೆ.

ಏಟ್ಸ್ ಜೀವಂತ ಮರಳಿದ. 1835ರಲ್ಲಿ ಬಾಸ್ಟನ್ನಿನ ನಿಸರ್ಗ ಇತಿಹಾಸದ ಪತ್ರಿಕೆಯಲ್ಲಿ ಆ ಜೀವದ ವಿವರ ಬರೆದು ಹೆಸರಿಟ್ಟ: ಡೆಕೊಲೊಪೋಡ ಆಸ್ಟ್ರಾಲಿಸ್. ತೆಂಕಣದ ದಶಪಾದಿ. ಕಾಲೆಷ್ಟು ಎಂಬುದನ್ನು ಹೆಸರಿನಲ್ಲೇ ಕೂರಿಸಿದ್ದ, ಯಾರೂ ಮರೆಯಬಾರದೆಂದು.

ಎಲ್ಲರೂ ಮರೆತರು. ಓದಿದ ಕೆಲವರೂ ನಂಬಲಿಲ್ಲ. 1838ರಲ್ಲಿ ಅಮೆರಿಕ ಸರಕಾರವೇ ವಿಲ್ಕ್ಸ್ ನಾಯಕತ್ವದಲ್ಲಿ ದೊಡ್ಡ ಯಾತ್ರೆ ಹೊರಡಿಸಿತು. ಮೊದಲು ಏಟ್ಸ್ ಹೆಸರು ಪಟ್ಟಿಯಲ್ಲಿತ್ತು, ಹಡಗು ಬಿಡುವಾಗ ಇರಲಿಲ್ಲ. ಆಮೇಲೆ ಅವನು ದಕ್ಷಿಣ ಧ್ರುವದ ಕಡಲು ಕಾಣಲಿಲ್ಲ. 1882ರಲ್ಲಿ ತೀರಿಕೊಂಡ. ಹತ್ತು ಕಾಲಿನ ಜೀವ ಇನ್ನೊಂದು ಯಾರ ಕೈಗೂ ಸಿಕ್ಕಿರಲಿಲ್ಲ.

"ಮತ್ತ ಯಾರೂ ಹೋಗಿ ನೋಡಲಿಲ್ಲೇನ್ರಿ ಕಾಕಾ?" ಎಂದ ಹುಡುಗ. ಹೊರಗೆ ಮಳೆ ಜೋರಾಗಿತ್ತು. ಹೋದರು, ಆದರೆ ಎಪ್ಪತ್ತು ವರ್ಷ ಬಿಟ್ಟು.

1902ರ ಚಳಿಗಾಲ. ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೊ ಸೌಂಡ್‌ನಲ್ಲಿ ಕ್ಯಾಪ್ಟನ್ ಸ್ಕಾಟ್‌ನ 'ಡಿಸ್ಕವರಿ' ಹಡಗಿನ ಸುತ್ತ ಕಡಲು ಹೆಪ್ಪುಗಟ್ಟಿದೆ. ನಾಲ್ಕು ತಿಂಗಳು ಸೂರ್ಯನ ಮುಖವಿಲ್ಲ. ಹಡಗಿನ ವಿಜ್ಞಾನಿಗಳಲ್ಲಿ ಒಬ್ಬ, ಪ್ಲಿಮತ್ ಊರಿನ ಥಾಮಸ್ ಹಾಜ್‌ಸನ್, ದಿನವೂ ಕತ್ತಲಲ್ಲಿ ಹಿಮದ ಮೇಲೆ ನಡೆದು ಹೋಗಿ ತೂತು ಕೊರೆಯುತ್ತಾನೆ. ಬಲೆ ಇಳಿಸುತ್ತಾನೆ. ಮರುದಿನ ಬರುವಷ್ಟರಲ್ಲಿ ತೂತು ಮುಚ್ಚಿರುತ್ತದೆ; ಮತ್ತೆ ಕೊರೆಯುತ್ತಾನೆ. ಕೆಳಗಿನ ನೀರು ಸೊನ್ನೆಗಿಂತ ಎರಡು ಡಿಗ್ರಿಯಷ್ಟೇ ಕೆಳಗೆ, ಮೇಲಿನ ಗಾಳಿ ಸೊನ್ನೆಗಿಂತ ನಲವತ್ತು ಡಿಗ್ರಿಯವರೆಗೆ ಕೆಳಗೆ. ಅಂದರೆ ಬಲೆ ನೀರಿನಲ್ಲಿರುವವರೆಗೆ ಬೆಚ್ಚಗೆ. ಮೇಲೆಳೆದ ಗಳಿಗೆಗೆ ಹಗ್ಗ ಸಲಾಕೆಯಾಗುತ್ತದೆ, ಬಲೆ ಹಲಗೆಯಾಗುತ್ತದೆ, ಒಳಗಿನ ಜೀವಗಳು ಗಾಜಿನಂತೆ ಪಟಪಟ ಮುರಿಯುತ್ತವೆ. ಕಡಲಜೇಡದಂಥ ಕಡ್ಡಿಜೀವವನ್ನು ಒಂದು ಕಾಲೂ ಮುರಿಯದಂತೆ ಹಡಗಿಗೆ ಒಯ್ಯುವುದು ಹೇಗೆಂದು ಯೋಚಿಸಿ. ಕಾಲು ಮುರಿದರೆ ಎಣಿಕೆ ಯಾರು ನಂಬುತ್ತಾರೆ?

ಒಯ್ದ. ಎಣಿಸಿದ. ಹತ್ತು.

ಆದರೆ ಇದು ಏಟ್ಸ್‌ನ ಪ್ರಾಣಿಯಲ್ಲ. ಅದು ದಪ್ಪ, ಕೆಂಪು. ಇದು ನೂಲಿನಂತೆ ತೆಳು. ಒಂದು ಜೊತೆ ಕಾಲು ಬಿಟ್ಟು ನೋಡಿದರೆ ಎಲ್ಲ ಕಡಲುಗಳಲ್ಲೂ ಸಿಗುವ ನಿಂಫಾನ್ ಎಂಬ ಎಂಟು ಕಾಲಿನ ಕುಲದ ತದ್ರೂಪು. ಬಂದ ಹಡಗು ಮಾತ್ರ ಹಿಮದಿಂದ ಬಿಡಿಸಿಕೊಳ್ಳಲಿಲ್ಲ. ಒಂದು ಬೇಸಿಗೆ ಹೋಯಿತು, ಇನ್ನೊಂದು ಚಳಿಗಾಲ ಬಂತು. 1904ರ ಜನವರಿಯಲ್ಲಿ 'ಮಾರ್ನಿಂಗ್', 'ಟೆರ್ರಾ ನೋವಾ' ಎಂಬ ಎರಡು ಹಡಗು ಬಂದು ಆದೇಶ ಕೊಟ್ಟವು: ಹಿಮ ಬಿಡದಿದ್ದರೆ ಡಿಸ್ಕವರಿಯನ್ನು ಅಲ್ಲೇ ಬಿಟ್ಟು ಬನ್ನಿ. ಎರಡು ವರ್ಷದ ಸಂಗ್ರಹದ ಗತಿ? ನಡುವೆ ಮೈಲಿಗಟ್ಟಲೆ ಹಿಮ. ಸಿಡಿಮದ್ದು ಇಟ್ಟು ಒಡೆದರು, ಹಡಗಿನ ಮೂತಿಯಿಂದ ಗುದ್ದಿದರು, ಮತ್ತೆ ಒಡೆದರು. ಫೆಬ್ರುವರಿ ನಡುವಿನಲ್ಲಿ, ಇನ್ನು ಮುಗಿಯಿತು ಎನ್ನುವಾಗ, ಅಲೆಯ ಉಬ್ಬರ ಬಂದು ಹಿಮ ತಾನಾಗಿ ಸೀಳಿತು. ಹಾಜ್‌ಸನ್ ತನ್ನ ಜೀವಕ್ಕೆ ಪೆಂಟಾನಿಂಫಾನ್ ಅಂಟಾರ್ಕ್ಟಿಕಮ್ ಎಂದು ಅದೇ ವರ್ಷ ಹೆಸರಿಟ್ಟ. ಐದು ಜೊತೆಯ ನಿಂಫಾನ್.

ಅದೇ ಹೊತ್ತಿಗೆ ಖಂಡದ ಆಚೆ ಮಗ್ಗುಲಲ್ಲಿ ಇನ್ನೊಂದು ಹಡಗು ಸಿಕ್ಕಿಬಿದ್ದಿತ್ತು. ಸ್ಕಾಟ್ಲೆಂಡಿನ ವಿಲಿಯಂ ಬ್ರೂಸ್‌ನ 'ಸ್ಕೋಶಿಯಾ'. ಈ ಯಾತ್ರೆಗೆ ಹಣ ಕೊಟ್ಟವರು ಪೈಸ್ಲಿಯ ಕೋಟ್ಸ್ ಮನೆತನ. ಹೊಲಿಗೆ ದಾರದ ರೀಲಿನ ಮೇಲೆ ಈ ಹೆಸರನ್ನು ಇಚಲಕರಂಜಿಯ ಯಾವ ದರ್ಜಿಯಾದರೂ ಕಂಡಿರುತ್ತಾನೆ. ದಾರ ಮಾರಿದ ದುಡ್ಡಿನಿಂದ ಜೇಡ ಸಿಕ್ಕಿತೆಂದರೆ ಸುಳ್ಳಲ್ಲ. ದಕ್ಷಿಣ ಆರ್ಕ್ನಿಯ ಲಾರಿ ದ್ವೀಪದ ಕೊಲ್ಲಿಯಲ್ಲಿ 1903ರ ಮಾರ್ಚಿನಲ್ಲಿ ಹಿಮ ಸ್ಕೋಶಿಯಾವನ್ನು ಬಿಗಿದುಕೊಂಡಿತು, ನವೆಂಬರಿನವರೆಗೆ ಬಿಡಲಿಲ್ಲ. ಆ ಎಂಟು ತಿಂಗಳು ಆ ಜನ ಸುಮ್ಮನೆ ಕೂರಲಿಲ್ಲ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ದಪ್ಪ ಗೋಡೆಯ ಮನೆ ಕಟ್ಟಿದರು. ಹಿಮ ಕೊರೆದು ಕಡಲ ತಳ ಕೆರೆದರು. ಹಡಗಿನ ಎಂಜಿನಿಯರ್ ಆಲನ್ ರಾಮ್ಸೆಗೆ ಹೃದಯದ ಬೇನೆಯಿತ್ತು. ಆಗಸ್ಟ್ 6ರಂದು ಅವನು ಹೋದ. ಅಲ್ಲೇ ದಡದಲ್ಲಿ ಹುಗಿದರು, ಮತ್ತೆ ಬಲೆಗೆ ಮರಳಿದರು.

ಆ ಕೊಲ್ಲಿಯ ತಳದಿಂದ ಬಂದ ಸಾಮಾನಿನಲ್ಲಿ ಕೆಂಪಗಿನ, ದೊಡ್ಡ, ಹತ್ತು ಕಾಲಿನದೊಂದು ಇತ್ತು.

ಸಾಹಸ ಅಲ್ಲಿಗೇ ಮುಗಿಯಲಿಲ್ಲ. ಈ ಸಂಗ್ರಹದೊಡನೆ ಸ್ಕೋಶಿಯಾ 1904ರ ಮಾರ್ಚಿನಲ್ಲಿ ವೆಡೆಲ್ ಕಡಲಿನ ತಳಕ್ಕೆ, 74 ಡಿಗ್ರಿ ದಕ್ಷಿಣಕ್ಕೆ ನುಗ್ಗಿತು. ಹೊಸ ದಡವೊಂದು ಕಂಡಿತು. ಕೋಟ್ಸ್ ಲ್ಯಾಂಡ್ ಎಂದು ಕರೆದರು. ಹಿಂದೆಯೇ ಬಿರುಗಾಳಿ. ಹಿಮದ ಹಲಗೆಗಳು ಒಂದರ ಮೇಲೊಂದು ಏರಿ ಹಡಗನ್ನು ಅಡಕೊತ್ತಿನಲ್ಲಿ ಅಡಿಕೆ ಹಿಡಿದಂತೆ ಹಿಡಿದವು. ಹಡಗು ಮೇಲಕ್ಕೆದ್ದಿತು. ಮುಂದೊಂದು ಚಳಿಗಾಲ ಆ ನಡುಗಡಲಿನಲ್ಲೇ ಎಂದು ಎಲ್ಲರಿಗೂ ಅನಿಸಿದಾಗ ಗಿಲ್ಬರ್ಟ್ ಕೆರ್ ಎಂಬವನು ಸ್ಕಾಟಿಷ್ ದಿರಿಸು ತೊಟ್ಟು ಹಿಮದ ಮೇಲಿಳಿದು ಬ್ಯಾಗ್‌ಪೈಪ್ ನುಡಿಸಿದ. ಕೇಳಲು ಪಕ್ಕದಲ್ಲೊಂದು ಎಂಪರರ್ ಪೆಂಗ್ವಿನ್. ಆ ಫೋಟೋ ಇಂದಿಗೂ ಇದೆ. ಪೆಂಗ್ವಿನ್‌ನ ಮುಖದಲ್ಲಿ ಮೆಚ್ಚುಗೆಯೂ ಇಲ್ಲ, ಬೇಸರವೂ ಇಲ್ಲ. ಕೆಲವೇ ದಿನಗಳಲ್ಲಿ ಹಿಮ ಸಡಿಲಾಯಿತು, ಹಡಗು ಪಾರಾಯಿತು.

ಸ್ಕೋಶಿಯಾದ ಕಡಲಜೇಡಗಳನ್ನು ನೋಡಲು ಕೊಟ್ಟದ್ದು ಯಾರಿಗೆ? ಹಾಜ್‌ಸನ್‌ಗೇ. ಅವನು 1905ರಲ್ಲಿ ಬರೆದ ಲೇಖನದ ತಲೆಬರಹದಲ್ಲೇ ಎಲ್ಲ ಇದೆ: ಡೆಕೊಲೊಪೋಡ ಆಸ್ಟ್ರಾಲಿಸ್, ಮತ್ತೆ ಸಿಕ್ಕ ಹಳೆಯ ಕಡಲಜೇಡ. ಹೊಸ ಹೆಸರಿಡಲಿಲ್ಲ. ಇಡುವ ಹಾಗೂ ಇಲ್ಲ. ಮೊದಲು ವಿವರಿಸಿ ಅಚ್ಚು ಹಾಕಿದವನ ಹೆಸರೇ ನಿಲ್ಲಬೇಕೆಂಬುದು ಈ ಶಾಸ್ತ್ರದ ಕಟ್ಟಳೆ. ಅದೇ ವರ್ಷ ಅಮೆರಿಕದ ಲಿಯಾನ್ ಕೋಲ್ ಕೂಡ ಹತ್ತು ಕಾಲಿನವುಗಳ ವರ್ಗೀಕರಣದ ಬಗ್ಗೆ ಬರೆದ. ಸತ್ತು ಇಪ್ಪತ್ಮೂರು ವರ್ಷದ ಮೇಲೆ ಏಟ್ಸ್‌ನ ಎಣಿಕೆ ಸರಿಯಾಯಿತು.

ಕಟ್ಟಳೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಇದು ನಮ್ಮ ಸೀಮೆಗೆ ಹೊಸತಲ್ಲ. ಗಡಹಿಂಗ್ಲಜದ ಮುಂದೆ ಹರಿಯುವ ಹಿರಣ್ಯಕೇಶಿ ಹುಟ್ಟುವುದು ಅಂಬೋಲಿಯಲ್ಲಿ. ಅಲ್ಲಿನ ಮಹಾದೇವನ ಗುಡಿಯ ಹೊಂಡದಲ್ಲಿ ಸಿಕ್ಕ ಬೆರಳುದ್ದವೂ ಇಲ್ಲದ ಮೀನಿಗೆ 2020ರಲ್ಲಿ ಶಿಸ್ಟುರಾ ಹಿರಣ್ಯಕೇಶಿ ಎಂದು ಹೆಸರಾಯಿತು; ಮರುವರ್ಷ ಸರಕಾರ ಆ ಜಾಗವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಿತು. ಆ ಹೊಂಡದಲ್ಲಿ ಎಷ್ಟು ತಲೆಮಾರು ಕೈಕಾಲು ತೊಳೆದು ದೇವರಿಗೆ ಹೋಗಿದ್ದಾರೋ! ಕಂಡಿದ್ದು ಬೇರೆ, ರೆಕ್ಕೆಯ ಕಡ್ಡಿ ಎಣಿಸಿ ಬರೆದಿಟ್ಟದ್ದು ಬೇರೆ.

ಹತ್ತು ಕಾಲಿನ ಗುಂಪಿಗೆ ಮರಳೋಣ. ಈಗ ನಿಜವಾದ ತಲೆನೋವು ಶುರು. ಹತ್ತು ಕಾಲಿನವನ್ನೆಲ್ಲ ಒಂದು ಪಂಗಡ ಮಾಡಿ ಬೇರೆ ಇಡಬೇಕೆ? ಫ್ರಾನ್ಸಿನ ಬೂವಿಯೇಗೆ ಶಾರ್ಕೋನ ಧ್ರುವಯಾತ್ರೆಯ ಸಂಗ್ರಹ ಸಿಕ್ಕಿತ್ತು. ಅದರಲ್ಲಿ ಪೆಂಟಾಪಿಕ್ನಾನ್ ಎಂಬ ಮೂರನೆಯದು, ಗಿಡ್ಡ, ದಪ್ಪ, ಮೊಂಡ. ಹತ್ತು ಕಾಲಿನವೇ ಮೂಲ ಪುರುಷರು, ಎಂಟಿನವು ಆಮೇಲೆ ಒಂದು ಜೊತೆ ಕಳೆದುಕೊಂಡವು ಎಂಬ ವಾದ ಬಂತು. ಕೇಳಲು ಚೆಂದ. ಆದರೆ ಬುಡ ನೋಡಿದರೆ ಕೂಡುವುದಿಲ್ಲ. ಪೆಂಟಾನಿಂಫಾನ್ ಮೈತುಂಬ ನಿಂಫಾನ್. ಪೆಂಟಾಪಿಕ್ನಾನ್ ಮೈತುಂಬ ಪಿಕ್ನೊಗೋನಮ್ ಎಂಬ ಇನ್ನೊಂದು ಕುಲ. ಡೆಕೊಲೊಪೋಡ ಆಳದ ಕೊಲೊಸೆಂಡೀಸ್‌ಗೆ ಹತ್ತಿರ, ಬೆಳೆದ ಮೇಲೂ ಚಿಮ್ಮಟ ಉಳಿಸಿಕೊಂಡದ್ದೊಂದು ವ್ಯತ್ಯಾಸ. ಮೂರು ಬೇರೆ ಬೇರೆ ಮನೆಗಳಲ್ಲಿ ಆರು ಬೆರಳಿನ ಕೂಸು ಹುಟ್ಟಿದರೆ ಆ ಮೂರನ್ನೂ ಒಂದೇ ಮನೆಯವರೆಂದು ಪಡಿತರ ಚೀಟಿ ಬರೆಯಲಾಗುತ್ತದೆಯೇ? ಹೆಚ್ಚಿನ ಕಾಲು ಒಂದಲ್ಲ, ಹಲವು ಸಲ, ಬೇರೆ ಬೇರೆ ಕುಲಗಳಲ್ಲಿ ಮೂಡಿದೆ. ಚಳಿಯ ಕಡಲಿನದೇ ಮಾಯೆ ಇರಬಹುದೆಂದರೆ ಅದೂ ಅಲ್ಲ: ಪೆಂಟಾಪಿಕ್ನಾನ್‌ನ ಇನ್ನೊಂದು ಬಗೆ ಬಿಸಿ ಸೀಮೆಯ ಫ್ರೆಂಚ್ ಗಯಾನಾದಲ್ಲಿ ಸಿಕ್ಕಿತು. ಮೈಯಲ್ಲಿ ಒಂದು ಖಂಡವೇ ಇಡಿಯಾಗಿ, ಕರುಳು ನರ ಸಮೇತ, ಹೆಚ್ಚಾಗಿ ಬಂದುಬಿಡುವ ಈ ಪರಿ ಜೇಡದ ಬಳಗದಲ್ಲಿ ಬೇರೆಲ್ಲೂ ಇಲ್ಲ.

ನಮ್ಮ ಕಡೆಯ ಕಡಲಜೇಡಗಳೂ ಎಣಿಕೆಗೆ ಬಂದವು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಸಂಗ್ರಹವನ್ನು ಲಂಡನ್ನಿನ ವಿಲಿಯಂ ಕಾಲ್ಮನ್ 1923ರಲ್ಲಿ ವಿವರಿಸಿದ. 1933–34ರಲ್ಲಿ ಈಜಿಪ್ಟಿನ 'ಮಬಾಹಿಸ್' ಹಡಗು ಅರಬ್ಬಿ ಕಡಲಿನ ತಳ ಕೆರೆದು ತಂದದ್ದೂ ಅವನ ಮೇಜಿಗೇ ಬಂತು.

ಆದರೆ ಕಾಲ್ಮನ್‌ನ ಮೇಜಿನ ಮೇಲೆ ಅದಕ್ಕಿಂತ ಮೊದಲೇ ಇನ್ನೊಂದು ಬಂದು ಕೂತಿತ್ತು. ತಂದ ಹಡಗು ಅದೇ ಹಳೆಯ ಡಿಸ್ಕವರಿ, ಸಿಡಿಮದ್ದಿಟ್ಟು ಬಿಡಿಸಿಕೊಂಡು ಬಂದದ್ದು. 1929ರಿಂದ 1931ರವರೆಗೆ ಡಗ್ಲಸ್ ಮಾಸನ್ ಅದರಲ್ಲಿ ಮತ್ತೆ ಅಂಟಾರ್ಕ್ಟಿಕಕ್ಕೆ ಹೋಗಿದ್ದ. ಈ ಮಾಸನ್ 1913ರಲ್ಲಿ ಇಬ್ಬರು ಜೊತೆಗಾರರನ್ನು ಕಳೆದುಕೊಂಡು, ಅಂಗಾಲಿನ ಚರ್ಮ ಕಿತ್ತು ಬಂದರೂ ಅದನ್ನೇ ಬಟ್ಟೆಯಂತೆ ಕಟ್ಟಿಕೊಂಡು, ಹಿಮದ ಬಿರುಕಿಗೆ ಬಿದ್ದು ಹಗ್ಗ ಹಿಡಿದು ಹತ್ತಿ, ಒಬ್ಬನೇ ನಡೆದು ಬದುಕಿದವನು. ಅವನ ಸಂಗ್ರಹದ ಆ ಜೀವವನ್ನು ಕಾಲ್ಮನ್ ಜೊತೆ ಕೂತು ನೋಡಿದವಳು ಬ್ರಿಟಿಷ್ ಮ್ಯೂಸಿಯಂನ ಇಸಬೆಲ್ಲಾ ಗಾರ್ಡನ್. ಇಬ್ಬರೂ ಗೂಟ ಎಣಿಸಿದರು. ಎಡಕ್ಕೆ ಆರು. ಬಲಕ್ಕೆ ಆರು. 1933ರಲ್ಲಿ ಅದರ ಹೆಸರು ಅಚ್ಚಾಯಿತು: ಡೊಡೆಕೊಲೊಪೋಡ ಮಾಸೋನಿ. ಹನ್ನೆರಡು ಕಾಲು. ಈ ಸಲ ಯಾರೂ ಎಪ್ಪತ್ತು ವರ್ಷ ತಡಮಾಡಲಿಲ್ಲ.

ಬ್ಯಾಟರಿ ಮಂಕಾಗಿತ್ತು. ಅಟ್ಟದ ಜೇಡ ಏಳು ಕಾಲಿನಲ್ಲೇ ಇನ್ನೊಂದು ಮೂಲೆಗೆ ಹೋಗಿ ದಾರ ಎಳೆಯುತ್ತಿತ್ತು. ಅವ್ವ ಮಲಗು ಎಂದು ಮೂರನೆಯ ಸಲ ಕೂಗಿದಳು.

"ಕಾಕಾ, ಹದಿನಾಕ ಕಾಲಿಂದು?"

"ಇನ್ನೂ ಯಾರಿಗೂ ಸಿಕ್ಕಿಲ್ಲಪಾ."

"ನೀರ ಇಳದ ಮ್ಯಾಲೆ ಹೊಳಿ ದಂಡಿಗೆ ಹೋಗಿ ನೋಡೂಣ್ರಿ?"

ಹೊಳೆಯಲ್ಲಿ ಕಡಲಜೇಡ ಇರುವುದಿಲ್ಲ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ಹೋಗೂಣು" ಅಂದೆ.